ಲಂಡನ್ನಿನಲ್ಲಿ ಬಾಲ್ಕನಿ ಅಂದ್ರೆ ಅಗ್ಗದ ಸೀಟು

ನಮ್ಮೂರ ಟಾಕೀಸಿನಲ್ಲಿ ಬಾಲ್ಕನಿ ಟಿಕೆಟ್ ಅಂದ್ರೆ ಒಂದು ಗತ್ತು. ಶಿಳ್ಳೆ, ಕೂಗಾಟ ಎಲ್ಲ ಕೆಳಗೆ ಗಾಂಧಿ ಕ್ಲಾಸಿನವರದು. ಲಂಡನ್ನಿನ ವೆಸ್ಟ್ ಎಂಡ್ ನಾಟಕಮಂದಿರಗಳಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗು.

ಇಲ್ಲಿ ನೆಲಮಟ್ಟದ ಸೀಟುಗಳಿಗೆ ಸ್ಟಾಲ್ಸ್ ಅನ್ನುತ್ತಾರೆ. ಬಜ್ಜಿ ಸ್ಟಾಲ್ ನೆನಪಾಗುತ್ತೆ ಅಲ್ವಾ? ಆದರೆ ಸಾಮಾನ್ಯವಾಗಿ ಇದರ ನಡುವಿನ ಸಾಲುಗಳೇ ದುಬಾರಿ. ಹಿಂದೆ ಈ ಜಾಗ ಪಿಟ್ ಆಗಿತ್ತು: ಬರೀ ಬೆಂಚು, ಅಗ್ಗದ ದರ. 19ನೇ ಶತಮಾನದಲ್ಲಿ ಬೆಂಚು ತೆಗೆದು ಕುರ್ಚಿ ಹಾಕಿ ರೇಟು ಏರಿಸಿದರು. ಪಿಟ್ ಎಂಬ ಹೆಸರು ಈಗ ವಾದ್ಯದವರು ಕೂರುವ ಹಳ್ಳಕ್ಕಷ್ಟೇ ಉಳಿದಿದೆ. ಸ್ಟಾಲ್ಸ್ ಮೇಲಿನ ಮಹಡಿ ಡ್ರೆಸ್ ಸರ್ಕಲ್. ಒಂದು ಕಾಲಕ್ಕೆ ಅಲ್ಲಿ ಕೂರಲು ಸಂಜೆಯ ದಿರಿಸೇ ಬೇಕಿತ್ತು. ಈಗ ಜೀನ್ಸ್ ಹಾಕಿಕೊಂಡು ಹೋದರೂ ಯಾರೂ ಕೇಳಲ್ಲ. ಆಮೇಲೆ ಅಪ್ಪರ್ ಸರ್ಕಲ್, ಕೊನೆಗೆ ನಮ್ಮ ಪ್ರೀತಿಯ ಬಾಲ್ಕನಿ! ಹಳೆಯ ಕಟ್ಟಡಗಳಲ್ಲಿ ಅದಕ್ಕೆ ಪಕ್ಕದ ಬೀದಿಯಿಂದ ಬೇರೆ ಬಾಗಿಲು ಇರುತ್ತಿತ್ತು, ಬಡವರು ದೊಡ್ಡ ಮನುಷ್ಯರ ಜತೆ ಬೆರೆಯಬಾರದು ಅಂತ. ಬಾಲ್ಕನಿಯ ಅಡ್ಡಹೆಸರು 'ಗಾಡ್ಸ್'. ಚಿತ್ರ ಬಿಡಿಸಿದ ಛಾವಣಿಯ ದೇವತೆಗಳಿಗೆ ಅಷ್ಟು ಹತ್ತಿರ. ಅಲ್ಲಿಂದ ನಟರ ತಲೆ ಚೆನ್ನಾಗಿ ಕಾಣುತ್ತೆ, ಮುಖ ಕಷ್ಟ.

ಕಾರಣ ಸರಳ. ಸಿನಿಮಾದಲ್ಲಿ ಪರದೆಗೆ ತೀರಾ ಹತ್ತಿರ ಕೂತರೆ ಕತ್ತು ನೋವು. ನಾಟಕದಲ್ಲಿ ನಟನ ಹುಬ್ಬು ಕುಣಿಯುವುದು ಕಾಣಬೇಕಂದ್ರೆ ಹತ್ತಿರವೇ ಕೂರಬೇಕು.

"ಥಿಯೇಟರ್‌ಗೆ ಹೋಗಿದ್ದೆ" ಅಂದ್ರೆ ಅಮ್ಮ ಇವತ್ತಿಗೂ "ಯಾವ ಪಿಕ್ಚರ್ ನೋಡಿದೆ?" ಅಂತಲೇ ಕೇಳುತ್ತಾರೆ. ಇಲ್ಲಿಯವರಿಗೆ ಪಿಕ್ಚರ್ ನೋಡುವ ಜಾಗ ಸಿನಿಮಾ, ಥಿಯೇಟರ್ ಏನಿದ್ದರೂ ನಾಟಕಕ್ಕೆ. ಆಸ್ಪತ್ರೆಯಲ್ಲಿ ಮಾತ್ರ ಆಪರೇಷನ್ನಿಗೆ. ಅದೂ ಸುಮ್ನೆ ಬಂದ ಹೆಸರಲ್ಲ. ಲಂಡನ್ ಬ್ರಿಡ್ಜ್ ಹತ್ತಿರ ಹಳೆಯ ಚರ್ಚಿನ ಅಟ್ಟದಲ್ಲಿ 1822ರ ಆಪರೇಷನ್ ಥಿಯೇಟರ್ ಒಂದಿದೆ, ಈಗ ಮ್ಯೂಸಿಯಂ. ನಡುವೆ ಮರದ ಮೇಜು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ವಿದ್ಯಾರ್ಥಿಗಳು ನಿಂತು ನೋಡುವ ಜಾಗ. ಅರಿವಳಿಕೆ ಇನ್ನೂ ಬಂದಿರದ ಕಾಲ ಬೇರೆ.

ಈ ಕಡೆ ಬರುವವರಿಗೆ ನನ್ನ ಸಲಹೆ: ಬಾಲ್ಕನಿ ಬಿಡಿ, ಬೇಸಿಗೆಯಲ್ಲಿ ಥೇಮ್ಸ್ ದಡದ ಗ್ಲೋಬ್‌ಗೆ ಹೋಗಿ. 1613ರಲ್ಲಿ ಸುಟ್ಟುಹೋದ ಶೇಕ್ಸ್‌ಪಿಯರ್ ಕಾಲದ ರಂಗಮಂದಿರದ ಮಾದರಿಯಲ್ಲಿ ಕಟ್ಟಿ 1997ರಲ್ಲಿ ತೆರೆದದ್ದು. ರಂಗದ ಮುಂದಿನ ಅಂಗಳದಲ್ಲಿ ನಿಂತೇ ನಾಟಕ ನೋಡುವವರಿಗೆ ಗ್ರೌಂಡ್ಲಿಂಗ್ಸ್ ಅನ್ನುತ್ತಾರೆ. ಟಿಕೆಟ್ ಅಗ್ಗ, ನಟರು ಕೈಗೆಟುಕುವಷ್ಟು ಹತ್ತಿರ. ತಲೆ ಮೇಲೆ ಸೂರಿಲ್ಲ, ಕೊಡೆ ಬಿಚ್ಚುವಂತಿಲ್ಲ. ರೇನ್‌ಕೋಟ್ ಮರೀಬೇಡಿ.