ದಾನ ಅಲ್ಲ, ಮುಯ್ಯಿ ಅಂತ ಬರ್ಕಳಿ

ಹೋದ ವರ್ಷ ಮೇ ಕೊನೆಯಲ್ಲಿ ಒಬ್ಬ ಹುಡುಗ ಅವ್ವನ ಜೊತೆ ಮಂಡ್ಯದ ನಮ್ಮ ಮನೆಗೆ ಬಂದ. ಹತ್ತನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ಗಣಿತ ಕಲಿತವನು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡಿದ್ದ. "ಸೀಟು ಸಿಕ್ತು ಮಿಸ್. ಸೋಮವಾರದೊಳಗೆ ಫೀಸು ಕಟ್ಬೇಕಂತೆ" ಎಂದ. ಕಡಿಮೆ ಬಿದ್ದಿದ್ದು 3,200 ರೂಪಾಯಿ. ಅವ್ವ ಕಿವಿಯ ಓಲೆ ಮುಟ್ಟಿಕೊಳ್ಳುತ್ತಾ ನಿಂತಿದ್ದರು. ಅದನ್ನು ಅಡವಿಡುವ ಯೋಚನೆ ಅಂತ ಕೇಳದೆಯೇ ಗೊತ್ತಾಯಿತು.

ಅವನಿಗೂ ಸರ್ಕಾರದ ಸ್ಕಾಲರ್‌ಶಿಪ್ ಬರುತ್ತದೆ. ಆದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಾದರೆ ಮೊದಲು ಕಾಲೇಜಿಗೆ ಸೇರಿರಬೇಕು. ಜಾತಿ, ಆದಾಯ ಪ್ರಮಾಣಪತ್ರ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಓಡಾಟ. ದುಡ್ಡು ಬೀಳುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಫೀಸು, ಪುಸ್ತಕ, ಬಸ್ ಪಾಸು ಮಾತ್ರ ಜೂನ್‌ನಲ್ಲೇ ಆಗಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿತು, ಅದು ದೊಡ್ಡ ಸಮಾಧಾನ.

ನಾವು ಎಂಟು ಜನ ನಿವೃತ್ತ ಟೀಚರ್‌ಗಳು ದುಡ್ಡು ಕೂಡಿಸುವುದು ಈ ಜೂನ್‌ಗಾಗಿಯೇ. ಕೊಡುವವರ ಕೈಯಲ್ಲಿ ಜೂನ್‌ನಲ್ಲೇ ದುಡ್ಡು ಇರಬೇಕಲ್ವಾ? ಇರುವುದಿಲ್ಲ. ಹಾಗಾಗಿ ವರ್ಷವಿಡೀ ಕೇಳುತ್ತೇವೆ. ಸಂಬಳದವರು ಮಾರ್ಚ್‌ನಲ್ಲಿ ಆದಾಯ ತೆರಿಗೆ ರಿಯಾಯಿತಿಗೆ ರಸೀದಿ ಕೇಳುತ್ತಾರೆ. ನಮ್ಮದು ನೋಂದಾಯಿತ ಟ್ರಸ್ಟ್ ಅಲ್ಲ, ಆ ರಸೀದಿ ಕೊಡಲು ಬರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಮದ್ದೂರಿನ ಕಡೆ ಆಲೆಮನೆ ಇಟ್ಟುಕೊಂಡಿರುವ ಒಬ್ಬರಿದ್ದಾರೆ. ಬೆಲ್ಲ ಮಂಡಿಗೆ ಹಾಕಿ ಬರುವಾಗ ನಮ್ಮ ಮನೆಗೆ ಬಂದು 500 ರೂಪಾಯಿ ಕೊಟ್ಟು ಹೋಗುತ್ತಾರೆ. ಮೊದಲ ಸಲ ನಾನು ಪುಸ್ತಕ ತೆಗೆದು 'ದಾನ' ಅಂತ ಬರೆಯಲು ಹೋದೆ. "ದಾನ ಅಲ್ಲ ಟೀಚರಮ್ಮ, ಮುಯ್ಯಿ ಅಂತ ಬರ್ಕಳಿ. ನಾನ್ ಓದ್ಲಿಲ್ಲ, ಯಾರಾದ್ರೂ ಓದ್ಲಿ" ಎಂದರು. ಅವತ್ತಿನಿಂದ ಅದು ಮುಯ್ಯಿ ಪುಸ್ತಕ.

ನಮ್ಮ ಕಡೆ ಮದುವೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಮುಯ್ಯಿ ಬರೆದುಕೊಳ್ಳುತ್ತಾರೆ. ಇವತ್ತು ನಿಮ್ಮ ಮನೆಯ ಖರ್ಚಿಗೆ ನಾವು, ನಾಳೆ ನಮ್ಮ ಮನೆಯದಕ್ಕೆ ನೀವು. ಖರ್ಚಿನ ದಿನವೇ ದುಡ್ಡು ಕೈಗೆ ಬರುತ್ತದೆ, ತಿಂಗಳು ಕಳೆದ ಮೇಲೆ ಅಲ್ಲ. ನಮ್ಮ ಸಹಾಯ ಪಡೆದು ನರ್ಸಿಂಗ್ ಓದಿದ ಹುಡುಗಿ ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ. ಯಾರೂ ಕೇಳದೆ ಪ್ರತಿ ತಿಂಗಳು 1,000 ರೂಪಾಯಿ ಕಳಿಸುತ್ತಾಳೆ. ಅವಳ ಹೆಸರಿನ ಮುಂದೆ ಬರೆಯುವಾಗ ನನಗೆ ಪ್ರತಿ ಸಲ ಕಣ್ಣು ತುಂಬುತ್ತದೆ.

ಫೀಸನ್ನು ನಾವೇ ಕಾಲೇಜಿಗೆ ಹೋಗಿ ಕಟ್ಟಿ, ಮಗುವಿನ ಹೆಸರಿನಲ್ಲಿ ರಸೀದಿ ತರುತ್ತೇವೆ. ಒಬ್ಬರು 20,000 ಕೊಡಲು ಮುಂದೆ ಬಂದಿದ್ದರು, ಮಕ್ಕಳನ್ನು ವೇದಿಕೆಗೆ ಕರೆದು ಫೋಟೊ ತೆಗೆಸಬೇಕು ಎಂದರು. ಬೇಡ ಎಂದೆವು. ಬಡವ ಅಂತ ಊರಿಗೆಲ್ಲ ತೋರಿಸಿಕೊಂಡು ಯಾವ ಹುಡುಗ ಮಾರನೆಯ ದಿನ ಕ್ಲಾಸಿಗೆ ಹೋಗುತ್ತಾನೆ?

ಈ ಸಲ 11 ಮಕ್ಕಳಿದ್ದಾರೆ. ಬೇಕಾಗಿರುವುದು 58,000, ಪುಸ್ತಕದಲ್ಲಿ ಇರುವುದು 41,500. ನೂರು ರೂಪಾಯಿ ಆದರೂ ಬರೆದುಕೊಳ್ಳುತ್ತೇನೆ. ಜೂನ್ 5ರೊಳಗೆ ಕೊಟ್ಟರೆ ಚೆನ್ನ, ಆರನೇ ತಾರೀಖು ಇಬ್ಬರ ಫೀಸು ಕಟ್ಟಬೇಕು.