ಒಳಾಂಗಣದ ರೆಂಡರ್: ಮೊದಲು ಬೂದು ಕೋಣೆ, ಆಮೇಲೆ ಬಣ್ಣ

ಒಳಾಂಗಣದ ರೆಂಡರ್ (3ಡಿ ಮಾದರಿಯಿಂದ ತೆಗೆಯುವ ಚಿತ್ರ) ಕಂಪ್ಯೂಟರ್‌ನಲ್ಲಿ ಮಾಡಿದ್ದೆಂದು ನೋಡಿದ ಕೂಡಲೇ ಗೊತ್ತಾಗಿಬಿಟ್ಟರೆ ಹೆಚ್ಚಿನವರು ದೂರುವುದು ಸಾಫ್ಟ್‌ವೇರನ್ನು. ಸ್ಯಾಂಪಲ್ (ಪ್ರತಿ ಪಿಕ್ಸೆಲ್‌ಗೆ ಎಸೆಯುವ ಕಿರಣಗಳ ಸಂಖ್ಯೆ) ಏರಿಸುತ್ತಾರೆ, ಇನ್ನೂ ದೊಡ್ಡ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಹಾಕುತ್ತಾರೆ, ಬೆಳಕಿನ ಲೆಕ್ಕ ಹಾಕುವ ಬೇರೆ ಎಂಜಿನ್ ಹುಡುಕುತ್ತಾರೆ. ಚಿತ್ರ ಮಾತ್ರ ಹಾಗೆಯೇ ಇರುತ್ತದೆ. ಸೈಕಲ್ಸ್, ವಿ-ರೇ, ಕರೋನಾ ಎಂಬ ಎಂಜಿನ್‌ಗಳೆಲ್ಲವೂ ಬಿಡಿಸುವುದು 1986ರಲ್ಲಿ ಜೇಮ್ಸ್ ಕಜಿಯಾ ಮಂಡಿಸಿದ ರೆಂಡರಿಂಗ್ ಸಮೀಕರಣವನ್ನೇ. ಬೆಳಕು ಗೋಡೆಯಿಂದ ಗೋಡೆಗೆ ಹೇಗೆ ಪುಟಿಯಬೇಕೆಂಬ ಲೆಕ್ಕದಲ್ಲಿ ಅವು ಸೋಲುವುದು ಕಡಿಮೆ. ನಾವು ತುಂಬುವ ಅಳತೆ, ಗೋಡೆಯ ಬಿಳುಪು, ದೀಪದ ಬಲ ತಪ್ಪಿದ್ದರೆ ಸಿಗುವ ಉತ್ತರವೂ ತಪ್ಪೇ.

ಆದ್ದರಿಂದ ಕೆಲಸದ ಕ್ರಮವೇ ಮುಖ್ಯ: ಅಳತೆ, ಕ್ಯಾಮೆರಾ, ಬೂದು ಬಣ್ಣದ ಕೋಣೆಯಲ್ಲಿ ಬೆಳಕು, ಆಮೇಲೆ ಮೆಟೀರಿಯಲ್ (ವಸ್ತುವಿನ ಮೇಲ್ಮೈಯ ಬಣ್ಣ, ಹೊಳಪು). ಕೆಳಗಿನ ಸಂಖ್ಯೆಗಳಲ್ಲಿ ಹೆಚ್ಚಿನವು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನ ಸೈಕಲ್ಸ್ ಎಂಜಿನ್‌ಗೆ ಹೊಂದುವಂಥವು. ಕಾರಣಗಳು ಎಲ್ಲ ಎಂಜಿನ್‌ಗೂ ಒಂದೇ.

ಮಾದರಿ ನಿಜ ಅಳತೆಯಲ್ಲೇ ಇರಬೇಕು. ಬೇರೆ ಕಡೆಯಿಂದ ತಂದ ಸೋಫಾ ನೂರು ಪಟ್ಟು ದೊಡ್ಡದಾಗಿ ಬಂದರೆ ಕಣ್ಣಂದಾಜಿನಲ್ಲಿ ಕುಗ್ಗಿಸಿ ಮುಂದೆ ಹೋಗಬೇಡಿ. ಅಗಲ, ಆಳ, ಆಸನದ ಎತ್ತರ ನೋಡಿ. ಆಸನ ಸುಮಾರು 430 ಮಿ.ಮೀ., ಊಟದ ಮೇಜು 750 ಮಿ.ಮೀ., ಅಡುಗೆಕಟ್ಟೆ 850ರಿಂದ 900 ಮಿ.ಮೀ. ಎತ್ತರದಲ್ಲಿರುತ್ತವೆ. ಇವುಗಳಲ್ಲಿ ಒಂದು ತಪ್ಪಿದರೂ ನೋಡುವವರಿಗೆ ಕಾರಣ ಹೊಳೆಯದೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಅಳತೆ ತಪ್ಪಿದ ಕೋಣೆಯಲ್ಲಿ ದೀಪಗಳೂ ತಪ್ಪಾಗಿ ವರ್ತಿಸುತ್ತವೆ. ಬ್ಲೆಂಡರ್‌ನಲ್ಲಿ ಗಾತ್ರ ಬದಲಿಸಿದ ಮೇಲೆ ಸ್ಕೇಲ್ ಅಪ್ಲೈ ಮಾಡುವುದನ್ನು (ಹೊಸ ಗಾತ್ರವನ್ನೇ ಮೂಲ ಗಾತ್ರವಾಗಿಸುವುದನ್ನು) ಮರೆಯಬಾರದು. ಇಲ್ಲದಿದ್ದರೆ ಮುಂದೆ ಹಾಕುವ ಬೆವೆಲ್ (ಅಂಚಿಗೆ ಕೊಡುವ ದುಂಡು) ಒಂದು ಬದಿಗೆ ದಪ್ಪ, ಇನ್ನೊಂದು ಬದಿಗೆ ತೆಳುವಾಗುತ್ತದೆ.

ಈ ಬೆವೆಲ್ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು. ಕತ್ತರಿಸಿದಂತೆ ಚೂಪಾದ ಅಂಚು ನಿಜವಾದ ಪೀಠೋಪಕರಣದಲ್ಲಿ ಇರುವುದಿಲ್ಲ. ಅತಿ ಸಣ್ಣ ದುಂಡು ಇದ್ದೇ ಇರುತ್ತದೆ. ಅದು ಬೆಳಕನ್ನು ಹಿಡಿದು ತೆಳು ಗೆರೆಯಾಗಿ ಹೊಳೆಯುತ್ತದೆ. 5 ಮೀಟರ್ ಅಗಲದ ಕೋಣೆ 3840 ಪಿಕ್ಸೆಲ್ ಅಗಲದ ಚಿತ್ರವನ್ನು ತುಂಬಿದರೆ ಒಂದು ಪಿಕ್ಸೆಲ್‌ಗೆ ಸುಮಾರು 1.3 ಮಿ.ಮೀ. ಬರುತ್ತದೆ. ಅಂದರೆ 2 ಮಿ.ಮೀ. ಬೆವೆಲ್ ಒಂದೂವರೆ ಪಿಕ್ಸೆಲ್‌ನ ಗೆರೆಯಾಗಿ ಕಣ್ಣಿಗೆ ಬೀಳುತ್ತದೆ, ಕ್ಯಾಮೆರಾಕ್ಕೆ ಹತ್ತಿರವಿದ್ದರೆ ಇನ್ನೂ ಸ್ಪಷ್ಟವಾಗಿ. ಮರದ ಕೆಲಸಕ್ಕೆ 1ರಿಂದ 2 ಮಿ.ಮೀ., ಕಲ್ಲಿನ ಹಲಗೆಗೆ 2ರಿಂದ 3, ಲೋಹದ ಪಟ್ಟಿಗೆ ಅರ್ಧ ಮಿ.ಮೀ. ಸಾಕು. ಆ ದುಂಡಿಗೆ ಎರಡು ಮೂರು ಸೆಗ್‌ಮೆಂಟ್ (ತುಂಡು) ಇದ್ದರೆ ಆಯಿತು. ಇಡೀ ಚಿತ್ರದ ನಂಬಿಕೆ ಹೆಚ್ಚಿಸುವುದರಲ್ಲಿ ಇಷ್ಟು ಅಗ್ಗದ ಉಪಾಯ ಬೇರೊಂದಿಲ್ಲ. ಮಾದರಿಯನ್ನು ಮುಟ್ಟಲಾಗದಿದ್ದರೆ ಸೈಕಲ್ಸ್‌ನ ಬೆವೆಲ್ ನೋಡ್ (ಮೆಟೀರಿಯಲ್‌ಗೆ ಜೋಡಿಸುವ ಘಟಕ) ಶೇಡಿಂಗ್‌ನಲ್ಲೇ ಅದೇ ಭ್ರಮೆ ಕೊಡುತ್ತದೆ, ರೆಂಡರ್ ಸಮಯ ಮಾತ್ರ ಏರುತ್ತದೆ.

ಕ್ಯಾಮೆರಾದಲ್ಲಿ ಆಸೆ ಹಿಡಿತದಲ್ಲಿರಲಿ. ಇಡೀ ಕೋಣೆ ಒಂದೇ ಚಿತ್ರದಲ್ಲಿ ಬರಲೆಂದು ಫೋಕಲ್ ಲೆಂತ್ ಅನ್ನು 16 ಮಿ.ಮೀ.ಗೆ ಇಳಿಸಿದರೆ ಅಂಚಿನಲ್ಲಿರುವ ಕುರ್ಚಿ ಎಳೆದಂತಾಗಿ, ಸಣ್ಣ ಕೋಣೆ ಸಭಾಂಗಣದಂತೆ ಕಾಣುತ್ತದೆ. 36 ಮಿ.ಮೀ. ಸೆನ್ಸರ್ ಇಟ್ಟುಕೊಂಡು 24ರಿಂದ 28 ಮಿ.ಮೀ. ಲೆನ್ಸ್ ಬಳಸಿದರೆ ಅಡ್ಡ ನೋಟ 74ರಿಂದ 65 ಡಿಗ್ರಿ ಸಿಗುತ್ತದೆ. ಒಂದು ಮೂಲೆಯನ್ನಷ್ಟೇ ತೋರಿಸಲು 35ರಿಂದ 50 ಒಳ್ಳೆಯದು. ಎತ್ತರ 1.1ರಿಂದ 1.4 ಮೀಟರ್. ಕ್ಯಾಮೆರಾವನ್ನು ಮೇಲೆ ಕೆಳಗೆ ವಾಲಿಸಬೇಡಿ: ಬ್ಲೆಂಡರ್‌ನಲ್ಲಿ ಎಕ್ಸ್ ತಿರುವನ್ನು ಸರಿಯಾಗಿ 90 ಡಿಗ್ರಿಗೆ ಇಟ್ಟು, ನೆಲ ಹೆಚ್ಚು ಬೇಕಾದರೆ ಲೆನ್ಸ್‌ನ ವೈ ಶಿಫ್ಟ್ ಬದಲಿಸಿ. ಆಗ ಬಾಗಿಲು, ಗೋಡೆಯ ನೇರ ಗೆರೆಗಳು ನೇರವಾಗಿಯೇ ನಿಲ್ಲುತ್ತವೆ.

ಜಾಗ ಸಾಲದೆ ಕ್ಯಾಮೆರಾ ಗೋಡೆಯಾಚೆ ಹೋದಾಗ ಆ ಗೋಡೆಯನ್ನು ಅಳಿಸುವುದು ದೊಡ್ಡ ತಪ್ಪು. ಬೆಳಕು ಅಲ್ಲಿಂದ ಸೋರಿಹೋಗುತ್ತದೆ, ಹೊರಗಿನ ಆಕಾಶ ನುಗ್ಗಿ ಎದುರು ಗೋಡೆ ನೀಲಿಗೆ ತಿರುಗುತ್ತದೆ. ಗೋಡೆಯ ರೇ ವಿಸಿಬಿಲಿಟಿಯಲ್ಲಿ ಕ್ಯಾಮೆರಾ ಎಂಬುದರ ಗುರುತನ್ನು ಮಾತ್ರ ತೆಗೆಯಿರಿ, ಅಥವಾ ಕ್ಯಾಮೆರಾದ ಕ್ಲಿಪ್ ಸ್ಟಾರ್ಟ್ (ಅದು ನೋಡಲು ಶುರುಮಾಡುವ ದೂರ) ಅನ್ನು ಗೋಡೆ ದಾಟುವಷ್ಟು ಹೆಚ್ಚಿಸಿ. ಗೋಡೆ ಕಣ್ಣಿಗೆ ಕಾಣದಿದ್ದರೂ ಬೆಳಕನ್ನು ಪುಟಿಸುತ್ತಲೇ ಇರುತ್ತದೆ.

ಈಗ ಬೂದು ಕೋಣೆ. ವ್ಯೂ ಲೇಯರ್‌ನ ಮೆಟೀರಿಯಲ್ ಓವರ್‌ರೈಡ್‌ನಲ್ಲಿ ಬೆಳಕಿನ ಅರ್ಧದಷ್ಟು (0.5) ಪ್ರತಿಫಲಿಸುವ ಒಂದೇ ಬೂದು ಮೆಟೀರಿಯಲ್ ಎಲ್ಲ ವಸ್ತುಗಳಿಗೂ ಹಾಕಿ (ಕಿಟಕಿಗೆ ಗಾಜು ಕೂರಿಸಿದ್ದರೆ ಆ ವಸ್ತುವನ್ನು ಮರೆಮಾಡಿ, ಇಲ್ಲದಿದ್ದರೆ ಅದೂ ಬೂದು ಗೋಡೆಯಾಗುತ್ತದೆ). ಈ ಹಂತದಲ್ಲೇ ಚಿತ್ರ ಫೋಟೋದಂತೆ ಅನ್ನಿಸಬೇಕು. ಬೂದಿನಲ್ಲಿ ಸತ್ತಂತಿರುವ ಕೋಣೆಯನ್ನು ಯಾವ ಮರದ ಟೆಕ್ಸ್ಚರ್ ಕೂಡ ಎಬ್ಬಿಸಲಾರದು.

ಹಗಲಿನ ದೃಶ್ಯಕ್ಕೆ ಆಕಾಶ, ಸೂರ್ಯ ಎರಡೇ ಮೂಲಗಳಿಂದ ಶುರು ಮಾಡಿ. ಸೂರ್ಯನ ಬಿಂಬದ ಅಗಲ ಸುಮಾರು 0.53 ಡಿಗ್ರಿ. ಆ ಲೆಕ್ಕದಲ್ಲಿ ಕಿಟಕಿಯ ಚೌಕಟ್ಟಿನಿಂದ 2 ಮೀಟರ್ ದೂರದ ನೆಲದಲ್ಲಿ ನೆರಳಿನ ಅಂಚು 18 ಮಿ.ಮೀ.ನಷ್ಟು ಮಸುಕಾಗಬೇಕು. ಈ ಅಗಲದ ಕೋನವನ್ನು ಸೊನ್ನೆಗಿಟ್ಟರೆ ಬ್ಲೇಡಿನಿಂದ ಕೊಯ್ದಂಥ ನೆರಳು ಬಂದು ಗುಟ್ಟು ರಟ್ಟಾಗುತ್ತದೆ. ಹೊರಗಿನ ಬೆಳಕಿಗೆ ಎಚ್‌ಡಿಆರ್‌ಐ (ಸುತ್ತಲಿನ ನಿಜ ಬೆಳಕನ್ನು ದಾಖಲಿಸಿದ ಚಿತ್ರ) ಬಳಸಿದರೆ ಕಿಟಕಿಯ ಅಳತೆಗೆ ಸರಿಯಾಗಿ ಏರಿಯಾ ಲೈಟ್ (ಹಲಗೆಯಂಥ ದೀಪ) ಇಟ್ಟು ಅದನ್ನು ಪೋರ್ಟಲ್ ಮಾಡಿ. ಪೋರ್ಟಲ್ ತಾನಾಗಿ ಬೆಳಕು ಕೊಡುವುದಿಲ್ಲ, ಕಿರಣಗಳಿಗೆ ಕಿಟಕಿ ಎಲ್ಲಿದೆ ಎಂದು ತೋರಿಸಿಕೊಡುತ್ತದೆ. ಮೂಲೆಗಳ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಗಣನೀಯವಾಗಿ ಇಳಿಯುತ್ತದೆ.

ಕಿಟಕಿಗೆ ಗಾಜು ಹಾಕಿದ ತಕ್ಷಣ ಕೋಣೆ ಕತ್ತಲಾಯಿತೇ? ಸಾಮಾನ್ಯ ಗ್ಲಾಸ್ ಶೇಡರ್ (ಮೇಲ್ಮೈ ಬೆಳಕಿಗೆ ಹೇಗೆ ವರ್ತಿಸಬೇಕೆಂದು ಹೇಳುವ ಸೂತ್ರ) ನೇರ ಬೆಳಕನ್ನು ತಡೆಯುವುದರಿಂದ ಹಾಗಾಗುತ್ತದೆ; ಗಾಜು ದಾಟಿ ಬರುವ ಬಿಸಿಲು ಎಂಜಿನ್‌ನ ಕಣ್ಣಿಗೆ ಕಾಸ್ಟಿಕ್ಸ್ (ಗಾಜಿನಲ್ಲಿ ಬಾಗಿ ಬಂದ ಬೆಳಕು), ಅದನ್ನು ಲೆಕ್ಕ ಹಾಕುವುದು ಬಲು ನಿಧಾನ. ಲೈಟ್ ಪಾತ್ ನೋಡ್‌ನ ಈಸ್ ಶ್ಯಾಡೋ ರೇ ಬಳಸಿ, ನೆರಳಿನ ಕಿರಣಗಳಿಗೆ ಮಾತ್ರ ಗಾಜು ಪಾರದರ್ಶಕವಾಗುವಂತೆ ಮಿಕ್ಸ್ ಮಾಡಿ. ಗಾಜು ಚಿತ್ರದಲ್ಲಿ ಕಾಣದೇ ಇದ್ದರೆ ತೆಗೆದೇಬಿಡಿ.

ಎಕ್ಸ್‌ಪೋಷರ್ ಬಗ್ಗೆ ಒಂದು ಹಟ ಬಿಡಬೇಕು: ಕಿಟಕಿಯಾಚೆಯ ದೃಶ್ಯವೂ ಒಳಗಿನ ಕಪ್ಪು ಸೋಫಾವೂ ಸಮನಾಗಿ ಕಾಣಬೇಕೆಂಬುದು. ಬಿಸಿಲಿನಲ್ಲಿ ಹೊರಗೆ ಎಕ್ಸ್‌ಪೋಷರ್ ಮೌಲ್ಯ 15ರ ಆಸುಪಾಸು ಇದ್ದರೆ ಕೋಣೆಯೊಳಗೆ 7, 8. ಈ ಮೌಲ್ಯ ಒಂದು ಏರಿದರೆ (ಅದೇ ಒಂದು ಸ್ಟಾಪ್) ಬೆಳಕು ಎರಡು ಪಟ್ಟು, ಹಾಗಾಗಿ ಹೊರಗಿನ ಬೆಳಕು ನೂರು ಪಟ್ಟಿಗಿಂತ ಹೆಚ್ಚು. ಒಳಗನ್ನು ಹಿಡಿದ ಕ್ಯಾಮೆರಾಕ್ಕೆ ಹೊರಗು ಬೆಳ್ಳಗೆ ಕರಗುವುದೇ ಸಹಜ. ಆ ಬಿಳುಪು ಒರಟಾಗಿ ಕತ್ತರಿಸಿಹೋಗದೆ ಮೆಲ್ಲಗೆ ಕರಗಲು ವ್ಯೂ ಟ್ರಾನ್ಸ್‌ಫಾರ್ಮ್ (ಲೆಕ್ಕದ ಬೆಳಕನ್ನು ಮಾನಿಟರ್‌ನ ಬಣ್ಣಕ್ಕೆ ಇಳಿಸುವ ವಿಧಾನ) ಸರಿಯಿರಬೇಕು. ಬ್ಲೆಂಡರ್ 2.79ರಲ್ಲಿ ಫಿಲ್ಮಿಕ್ ಬಂತು, 4.0ರಿಂದ ಎಜಿಎಕ್ಸ್ ಮೂಲ ಆಯ್ಕೆ. ಸ್ಟ್ಯಾಂಡರ್ಡ್‌ನಲ್ಲಿ ಒಳಾಂಗಣ ಮಾಡಬೇಡಿ.

ರಾತ್ರಿಯ ದೃಶ್ಯದಲ್ಲಿ ಎಡವುವುದು ವ್ಯಾಟ್‌ನಲ್ಲಿ. ಬ್ಲೆಂಡರ್ ಕೇಳುವ ವ್ಯಾಟ್ ದೀಪ ಹೊರಸೂಸುವ ಶಕ್ತಿ, ವಿದ್ಯುತ್ ಬಿಲ್ಲಿನ ವ್ಯಾಟ್ ಅಲ್ಲ. 800 ಲ್ಯೂಮೆನ್‌ನ ಬಲ್ಬಿಗೆ 2ರಿಂದ 3 ಸಾಕು. ಬಣ್ಣಕ್ಕೆ ಕೈಯಿಂದ ಹಳದಿ ಆರಿಸದೆ ಬ್ಲ್ಯಾಕ್‌ಬಾಡಿ ನೋಡ್‌ನಲ್ಲಿ 2700 ಅಥವಾ 3000 ಕೆಲ್ವಿನ್ ಕೊಡಿ. ಗೋಡೆಗೆ ಬೀಳುವ ಸ್ಪಾಟ್‌ಲೈಟ್‌ಗೆ ಐಇಎಸ್ ಕಡತ (ದೀಪದ ಬೆಳಕು ಹರಡುವ ರೀತಿಯ ದಾಖಲೆ) ಹಾಕಿ ಗೋಡೆಯಿಂದ 200ರಿಂದ 300 ಮಿ.ಮೀ. ದೂರ ಇಟ್ಟರೆ ಕಮಾನಿನ ಆಕಾರದ ಬೆಳಕು ತಾನಾಗಿ ಮೂಡುತ್ತದೆ.

ಬೂದು ಕೋಣೆ ಒಪ್ಪಿಗೆಯಾದ ಮೇಲೆ ಮೊದಲ ಬಣ್ಣ ಗೋಡೆಯ ಬಿಳಿ. ಹೆಚ್ಚಿನ ರೆಂಡರ್‌ಗಳು ಕೆಡುವುದು ಇಲ್ಲಿಯೇ. ಬಿಳಿ ಎಂದರೆ 255 ಎಂದು ಹಾಕಿಬಿಡುತ್ತಾರೆ. ಹೊಸದಾಗಿ ಬಳಿದ ಬಿಳಿ ಬಣ್ಣ ಬೆಳಕಿನ ಶೇ 80ರ ಸುತ್ತಮುತ್ತ ಪ್ರತಿಫಲಿಸುತ್ತದೆ. 0ಯಿಂದ 255ರ ಅಳತೆಯಲ್ಲಿ ಅದು ಸುಮಾರು 231. ವ್ಯತ್ಯಾಸ ಚಿಕ್ಕದೆನಿಸಬಹುದು, ಆದರೆ ಲೆಕ್ಕ ಹಾಗಿಲ್ಲ. ಪೂರ್ತಿ ಮುಚ್ಚಿದ ಕೋಣೆಯ ಎಲ್ಲ ಮುಖಗಳೂ 0.8 ಇದ್ದರೆ, ಪುಟಿದು ಪುಟಿದು ಒಟ್ಟಾಗುವ ಬೆಳಕು ನೇರವಾಗಿ ಬಿದ್ದದ್ದರ 5 ಪಟ್ಟು. 0.95ಕ್ಕೆ ಏರಿಸಿದರೆ 20 ಪಟ್ಟು! ಕಿಟಕಿ ಇದ್ದರೆ ಸ್ವಲ್ಪ ಸೋರುತ್ತದೆ ನಿಜ, ಆದರೂ ಮೂಲೆಗಳ ನೆರಳು ತೊಳೆದುಹೋಗಿ ಕೋಣೆ ಚಪ್ಪಟೆಯಾಗುತ್ತದೆ, ನಾಯ್ಸ್ ಹೆಚ್ಚುತ್ತದೆ. ಚಿತ್ರ ಮಂಕೆನಿಸಿದರೆ ಎಕ್ಸ್‌ಪೋಷರ್ ಏರಿಸಿ, ಗೋಡೆಯನ್ನು ಮುಟ್ಟಬೇಡಿ. ಕಪ್ಪಿಗೂ ಇದೇ ಮಾತು: ಸೊನ್ನೆ ಹಾಕದೆ 0.03, 0.04ರಲ್ಲಿ ನಿಲ್ಲಿಸಿ.

ಅದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಸೈಕಲ್ಸ್‌ನಲ್ಲಿ ಡಿಫ್ಯೂಸ್ ಬೌನ್ಸ್ (ಹೊಳಪಿಲ್ಲದ ಮೇಲ್ಮೈಗಳಿಂದ ಬೆಳಕು ಎಷ್ಟು ಸಲ ಪುಟಿಯಬಹುದೆಂಬ ಮಿತಿ) ಮೂಲತಃ 4. ಆ ಬಿಳಿ ಕೋಣೆಯಲ್ಲಿ 4ಕ್ಕೆ ನಿಲ್ಲಿಸಿದರೆ ಸಿಗಬೇಕಾದ ಬೆಳಕಿನ ಮೂರನೇ ಎರಡರಷ್ಟು ಮಾತ್ರ ಸಿಗುತ್ತದೆ, 8ಕ್ಕೆ ಏರಿಸಿದರೆ ಶೇ 87. ಕಡು ಬಣ್ಣದ ಕೋಣೆಗೆ 4 ಧಾರಾಳ. ಹಾಗಾಗಿ ಬಿಳಿ ಒಳಾಂಗಣಕ್ಕೆ 8 ಇಡಿ, ಒಟ್ಟು ಬೌನ್ಸ್ 12 ಇರಲಿ.

ಮೆಟೀರಿಯಲ್‌ಗಳಲ್ಲಿ ಬಣ್ಣಕ್ಕಿಂತ ರಫ್‌ನೆಸ್ (ಮೇಲ್ಮೈಯ ಒರಟುತನ) ಹೆಚ್ಚು ಮಾತಾಡುತ್ತದೆ. ಮರದ ನೆಲಕ್ಕೆ ಒಂದೇ ರಫ್‌ನೆಸ್ ಕೊಟ್ಟರೆ ಪ್ಲಾಸ್ಟಿಕ್ ಆಗುತ್ತದೆ, 0.3ರಿಂದ 0.5ರ ನಡುವೆ ಮ್ಯಾಪ್‌ನಿಂದ ಆಡಿಸಿ. ರಫ್‌ನೆಸ್ ಮ್ಯಾಪ್ ಮತ್ತು ಉಬ್ಬುತಗ್ಗಿನ ಭ್ರಮೆ ಕೊಡುವ ನಾರ್ಮಲ್ ಮ್ಯಾಪ್‌ಗಳ ಕಲರ್ ಸ್ಪೇಸ್ ನಾನ್-ಕಲರ್ ಇರಲೇಬೇಕು, ಇಲ್ಲವಾದರೆ ಮೌಲ್ಯಗಳೇ ಬದಲಾಗುತ್ತವೆ. ಟೈಲಿನ ಸಂದು ಒಳಗೆ ಇಳಿಯುವ ಬದಲು ಉಬ್ಬಿದಂತೆ ಕಂಡರೆ ನಾರ್ಮಲ್ ಮ್ಯಾಪ್ ಡೈರೆಕ್ಟ್‌ಎಕ್ಸ್ ಬಗೆಯದ್ದು ಎಂದು ಅನುಮಾನಿಸಿ. ಬ್ಲೆಂಡರ್ ಓಪನ್‌ಜಿಎಲ್ ಬಗೆಯದನ್ನು ಓದುತ್ತದೆ, ಹಸಿರು ಚಾನೆಲ್ ತಿರುಗಿಸಿದರೆ ಸರಿಹೋಗುತ್ತದೆ. ಮೆಟಾಲಿಕ್ (ಲೋಹವೋ ಅಲ್ಲವೋ) ಎಂಬುದು 0 ಅಥವಾ 1, ನಡುವಿನ ಸಂಖ್ಯೆಗೆ ಅರ್ಥವಿಲ್ಲ.

ನೆಲದ ಹಲಗೆಗಳನ್ನು ಒಂದೊಂದಾಗಿ ಬೇರೆ ಮಾಡಿ. 150 ಮಿ.ಮೀ. ಅಗಲದ ಹಲಗೆ, ನಡುವೆ ಅರ್ಧದಿಂದ 1 ಮಿ.ಮೀ. ಸಂದು. ಪ್ರತಿ ಹಲಗೆಗೂ ಟೆಕ್ಸ್ಚರ್‌ನ ಜಾಗ ಸರಿಸಿ, ಹೊಳಪನ್ನು ಶೇ 5ರಿಂದ 10ರಷ್ಟು ಏರುಪೇರು ಮಾಡಿ. ಟೆಕ್ಸ್ಚರ್ 2 ಮೀಟರ್ ಹಲಗೆಯ ಫೋಟೋ ಆಗಿದ್ದರೆ ಅದು ಮಾದರಿಯಲ್ಲೂ 2 ಮೀಟರ್ ಹರಡಬೇಕು. ಮರದ ಎಳೆ ಬೆರಳಿನಷ್ಟು ದಪ್ಪವಾಗಿ ಕಂಡರೆ ಕೋಣೆ ಬೊಂಬೆಮನೆಯಾಗುತ್ತದೆ. ಎಳೆಯ ದಿಕ್ಕೂ ಹಲಗೆಯ ಉದ್ದಕ್ಕೇ ಹೋಗಬೇಕು, ಮೇಜಿನ ಕಾಲುಗಳಲ್ಲಿ ಇದು ಬಹಳ ತಪ್ಪುತ್ತದೆ. ನೆಲದ ಬಣ್ಣ ಗಾಢ ಕಿತ್ತಳೆಯಾದರೆ ಛಾವಣಿಯೂ ಕಿತ್ತಳೆಯಾಗುತ್ತದೆ. ಅಲ್ಲಿ ನೆಲದ ಸ್ಯಾಚುರೇಶನ್ ಇಳಿಸಿ, ಗೋಡೆಗೆ ನೀಲಿ ಬೆರೆಸಿ ಸರಿದೂಗಿಸಲು ಹೋಗಬೇಡಿ.

ಪರದೆಗೆ ಟ್ರಾನ್ಸ್‌ಲ್ಯೂಸೆಂಟ್ ಶೇಡರನ್ನು ಶೇ 30ರಿಂದ 50 ಬೆರೆಸಿದರೆ ಬಟ್ಟೆಯ ಹಿಂದಿನ ಬಿಸಿಲು ಮಡಿಕೆಗಳಲ್ಲಿ ಕಾಣುತ್ತದೆ. ಪೀಠೋಪಕರಣ ನೆಲಕ್ಕೆ ತಾಗಿರಲಿ: ಕಾಲಿನ ಕೆಳಗೆ ಕೆಲವೇ ಮಿ.ಮೀ. ಖಾಲಿ ಉಳಿದರೂ ನೆರಳು ಕಳಚಿಕೊಂಡು ಸೋಫಾ ತೇಲುತ್ತದೆ. ಗೋಡೆಯ ಬುಡದ ಸ್ಕರ್ಟಿಂಗ್, ಸ್ವಿಚ್ ಬೋರ್ಡ್, ಬಾಗಿಲ ಹಿಡಿಕೆ ಬಿಟ್ಟುಹೋದ ಕೋಣೆ ಎಷ್ಟು ಚೆನ್ನಾಗಿ ಬೆಳಗಿದರೂ ಖಾಲಿ ಎನಿಸುತ್ತದೆ. ದಿಂಬುಗಳಲ್ಲಿ ಒಂದು ಕುಸಿದಿರಲಿ, ಪುಸ್ತಕಗಳು ಒಂದೆರಡು ಡಿಗ್ರಿ ತಿರುಗಿರಲಿ, ಅಷ್ಟು ಸಾಕು. ಸಿಕ್ಕಿದ್ದೆಲ್ಲ ಹರಡಿದರೆ ಕಣ್ಣಿಗೆ ನಿಲ್ಲಲು ಜಾಗವಿರುವುದಿಲ್ಲ.

ಕೊನೆಯ ರೆಂಡರ್‌ಗೆ ಸ್ಯಾಂಪಲ್ ಸಂಖ್ಯೆಯನ್ನು ಕುರುಡಾಗಿ ಏರಿಸದೆ ನಾಯ್ಸ್ ಥ್ರೆಶೋಲ್ಡ್ 0.01ರಿಂದ 0.02 ಇಟ್ಟು ಎಂಜಿನ್ ತಾನೇ ನಿಲ್ಲಲು ಬಿಡಿ. ಬಿಳಿ ಚುಕ್ಕೆಗಳು ಉಳಿದರೆ ಇನ್‌ಡೈರೆಕ್ಟ್ ಕ್ಲ್ಯಾಂಪ್ (ಪುಟಿದ ಬೆಳಕಿನ ಗರಿಷ್ಠ ಮಿತಿ) ಅನ್ನು 10ರಿಂದ 5ರ ಹತ್ತಿರ ತನ್ನಿ. ಇನ್ನೂ ಇಳಿಸಿದರೆ ದೀಪದ ಸುತ್ತಲಿನ ಪುಟಿದ ಬೆಳಕೇ ಮಂಕಾಗುತ್ತದೆ. ನಾಯ್ಸ್ ಒರೆಸುವ ಓಪನ್ ಇಮೇಜ್ ಡಿನಾಯ್ಸ್‌ಗೆ ಆಲ್ಬೆಡೊ (ಮೂಲ ಬಣ್ಣ), ನಾರ್ಮಲ್ (ಮೇಲ್ಮೈಯ ದಿಕ್ಕು) ಪಾಸ್‌ಗಳನ್ನೂ ಕೊಡಿ. ಆದರೆ ಸ್ಯಾಂಪಲ್ ತೀರಾ ಕಡಿಮೆ ಇದ್ದು ಡಿನಾಯ್ಸರ್ ಮೇಲೆಯೇ ಭಾರ ಹಾಕಿದರೆ ಗೋಡೆಯಲ್ಲಿ ಮೋಡದಂಥ ಕಲೆಗಳು ಬರುತ್ತವೆ, ಬಟ್ಟೆಯ ನೇಯ್ಗೆ ಅಳಿಸಿಹೋಗುತ್ತದೆ.

ಉಳಿಸುವಾಗ ಇಎಕ್ಸ್‌ಆರ್ (ಬೆಳಕಿನ ಪೂರ್ತಿ ಮಾಹಿತಿ ಉಳಿಸುವ) ಕಡತ ಇಟ್ಟುಕೊಳ್ಳಿ, ತಿದ್ದುಪಡಿಯೆಲ್ಲ ಅದರ ಮೇಲೆ. ಎ3 ಕಾಗದದಲ್ಲಿ 300 ಡಿಪಿಐ ಮುದ್ರಣವಾಗಬೇಕಾದರೆ 4961 × 3508 ಪಿಕ್ಸೆಲ್ ಬೇಕು. ಗೋಡೆಯ ಮೇಲೆ ಮೆಲ್ಲಗೆ ಇಳಿಯುವ ಬೆಳಕು 8 ಬಿಟ್ ಚಿತ್ರದಲ್ಲಿ ಪಟ್ಟೆ ಪಟ್ಟೆಯಾಗಿ ಒಡೆದು ಕಂಡರೆ ಗುಟ್ಟು ಸರಳ: ಡಿನಾಯ್ಸರ್ ಒರೆಸಿ ನುಣುಪು ಮಾಡಿದ ಜಾಗದಲ್ಲಿ ಬಣ್ಣದ ಮೆಟ್ಟಿಲುಗಳು ಎದ್ದು ಕಾಣುತ್ತವೆ. ಕಣ್ಣಿಗೆ ತಿಳಿಯದಷ್ಟು ಗ್ರೇನ್ (ಸಣ್ಣ ಕಾಳು) ಬೆರೆಸಿ ಜೆಪೆಗ್‌ಗೆ ಇಳಿಸಿದರೆ ಪಟ್ಟೆಗಳು ಮಾಯವಾಗುತ್ತವೆ.