ಅದೇ ಕರೆಂಟ್, ಅದೇ ಕೀಮೋ, ನಮ್ಮಪ್ಪನ ಗಡ್ಡೆ ಯಾಕೆ ಕರಗಲಿಲ್ಲ?

ದಾವಣಗೆರೆಯಲ್ಲಿ ರೇಡಿಯೇಷನ್ ಮೆಷಿನ್ ನಡೆಸುವುದು ನನ್ನ ಕೆಲಸ. ನಮ್ಮ ಕಡೆ ಜನ ಇದಕ್ಕೆ 'ಕರೆಂಟ್ ಕೊಡೋದು' ಅಂತಾರೆ. ಕರೆಂಟ್ ಅಲ್ಲ ಅಂತ ಹೇಳಿ ಹೇಳಿ ಸಾಕಾಗಿ ಈಗ ನಾನೂ ಹಾಗೇ ಅನ್ನುತ್ತೇನೆ. ಹೊರಗೆ ಬೆಂಚಿನ ಮೇಲೆ ಕೂತವರು ಕೇಳುವುದು ಒಂದೇ: 'ಸರ್, ಆ ಹರಿಹರದವ್ರಿಗೂ ಬಾಯಿ ಕ್ಯಾನ್ಸರ್ರೇ. ಅವರ ಗಡ್ಡೆ ಕರಗೈತೆ, ನಮ್ಮಪ್ಪಂದು ಯಾಕೆ ಹಂಗೇ ಐತೆ? ಮೆಷಿನ್ ಸರಿಯಾಗಿ ಇಟ್ಟಿಲ್ವಾ?'

ಇಟ್ಟಿದ್ದೇವೆ. ಆದರೆ ಕಿರಣದ ಕೆಲಸ ಏಟು ಹಾಕುವುದಷ್ಟೇ. ದಿನಕ್ಕೆ 2 ಗ್ರೇ (ಕಿರಣದ ಡೋಸ್ ಅಳೆಯುವ ಲೆಕ್ಕ) ಕೊಟ್ಟರೆ ಒಂದೊಂದು ಜೀವಕೋಶದ ಡಿಎನ್‌ಎ ಸುಮಾರು 70-80 ಕಡೆ ಎರಡೂ ಎಳೆ ಕಡಿದುಕೊಳ್ಳುತ್ತದೆ. ಆಮೇಲೆ ಸಾಯಬೇಕೋ, ರಿಪೇರಿ ಮಾಡಿಕೊಂಡು ಬದುಕಬೇಕೋ ಅನ್ನುವುದು ಕೋಶದೊಳಗಿನ ಪಂಚಾಯ್ತಿ. ಎಟಿಎಂ ಅನ್ನುವ ಪ್ರೋಟೀನ್ (ದುಡ್ಡು ತೆಗೆಯುವುದಲ್ಲ) ಕಡಿದ ಸುದ್ದಿ ಮುಟ್ಟಿಸುತ್ತದೆ, ಅದನ್ನು ಕೇಳಿ ಪಿ53 ಅನ್ನುವ ಇನ್ನೊಂದು ಪ್ರೋಟೀನ್ ಕೋಶದ ವಿಭಜನೆ ನಿಲ್ಲಿಸುತ್ತದೆ, ರಿಪೇರಿ ಆಗಲ್ಲ ಅಂತ ಗೊತ್ತಾದರೆ ಸಾಯಲು ಹೇಳುತ್ತದೆ. ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಈ ಪಿ53 ಮಾಡುವ ಜೀನೇ ಕೆಟ್ಟಿರುತ್ತದೆ. ಸುದ್ದಿ ಬಂತು, ಕೇಳುವವರೇ ಇಲ್ಲ.

ಸಾಲದು ಅಂತ ಇಜಿಎಫ್‌ಆರ್ ಬೇರೆ. ಕೋಶದ ಮೈಮೇಲೆ ಕೂತು 'ಬೆಳಿ, ಬೆಳಿ' ಅಂತ ಒಳಗೆ ಸಂಕೇತ ಕಳಿಸುವ ಪ್ರೋಟೀನ್ ಗಿರಾಕಿ ಇದು. ಬಾಯಿ, ಗಂಟಲಿನ ಗಡ್ಡೆಗಳಲ್ಲಿ ಬಹಳ ಸಲ ಜಾಸ್ತಿ ಇರುತ್ತದೆ, ನಮ್ಮ ಕಿರಣವೇ ಅದನ್ನು ಕೆಣಕುವುದೂ ಉಂಟು. ಅದನ್ನು ತಡೆಯುವ ಸೆಟುಕ್ಸಿಮ್ಯಾಬ್‌ಗೆ ರೇಡಿಯೇಷನ್ ಜೊತೆ ಕೊಡಲು 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದುಬಾರಿ ಔಷಧಿ. ಸಾಮಾನ್ಯವಾಗಿ ಕೊಡುವುದು ಸಿಸ್ಪ್ಲಾಟಿನ್ ಅನ್ನುವ ಕೀಮೋ. ಅದು ಡಿಎನ್‌ಎಗೆ ಅಂಟಿಕೊಂಡು, ಕಿರಣ ಕಡಿದದ್ದನ್ನು ಹೊಲಿದುಕೊಳ್ಳಲು ಬಿಡುವುದಿಲ್ಲ.

ಒಬ್ಬ ಅಜ್ಜ ನಾಲ್ಕನೇ ವಾರದಲ್ಲಿ ದುಗ್ಗಮ್ಮನ ಜಾತ್ರೆ ಅಂತ ಎಂಟು ದಿನ ಬರಲೇ ಇಲ್ಲ. ಬಂದಾಗ, ಕಿರಣ ಕೊಡುವಾಗ ತಲೆ ಅಲ್ಲಾಡದಂತೆ ಹಾಕುವ ಮುಖದ ಮಾಸ್ಕ್ ಸಡಿಲ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಅವರ ಮುಖಕ್ಕೇ ಒತ್ತಿ ಮಾಡಿದ್ದು, ಈಗ ಕೆನ್ನೆ ಪಕ್ಕ ನನ್ನ ಬೆರಳು ಹೋಗುತ್ತಿತ್ತು. ನನಗೆ ಸಿಟ್ಟು ಬಂದದ್ದು ಮಾಸ್ಕ್‌ಗಲ್ಲ. ಸುಮಾರು ನಾಲ್ಕು ವಾರ ಆಗುವಷ್ಟರಲ್ಲಿ ಉಳಿದ ಕೋಶಗಳು ಮೊದಲಿಗಿಂತ ಬೇಗ ಬೇಗ ಹುಟ್ಟಲು ಶುರು ಮಾಡುತ್ತವೆ, ಅದೂ ಇದೇ ಬೆಳೆಯುವ ಸಂಕೇತಗಳ ಬಲದಿಂದ. ಅವಕ್ಕೆ ನಾವೇ ಎಂಟು ದಿನ ರಜೆ ಕೊಟ್ಟಂತಾಯಿತು, ಅಲ್ವಾ?

ಇನ್ನೊಂದು, ಏಟು ತಿಂದ ಎಷ್ಟೋ ಕೋಶ ಅವತ್ತೇ ಸಾಯುವುದಿಲ್ಲ, ಮುಂದೆ ಒಡೆದು ಎರಡಾಗಲು ಹೋದಾಗ ಸಾಯುತ್ತದೆ. ಅದಕ್ಕೇ ಗಡ್ಡೆ ಇನ್ನೂ ಉಳಿದಿದೆಯಾ ಅಂತ ನೋಡುವ ಪೆಟ್ ಸ್ಕ್ಯಾನ್ ಮಾಡುವುದಾದರೆ ಕರೆಂಟ್ ಮುಗಿದು ಸುಮಾರು 12 ವಾರ ಆದ ಮೇಲೆ. ನಿಮ್ಮಪ್ಪಂಗೆ ಇವತ್ತು ಕರೆಂಟಿನ ಹದಿನೈದನೇ ದಿನ. ಹರಿಹರದವರದು ಮುಗಿದು ಎರಡು ತಿಂಗಳಾಗಿದೆ.